ಕ್ರಾಪ್ ಕ್ಯಾಮೆರಾಗೆ 85 ಯಾಕೆ ಗುರು? ಹತ್ತು ಕ್ಯಾಪ್ಷನ್‌ಗಳ ಒಂದು ಜಗಳ

ಭಾಗ 1/10: ಯಾರೂ ಕೇಳದ ಎರಡು ಪ್ರಶ್ನೆ

"ಪೋರ್ಟ್ರೇಟ್ ತೆಗೀಬೇಕಾ? ಕಣ್ಣು ಮುಚ್ಕೊಂಡು 85 ತಗೋ ಗುರು."

ಈ ಮಾತನ್ನ ನನಗೆ ಹೇಳಿದವರು ಮೂರು ಜನ. ಒಬ್ಬರು ಯೂಟ್ಯೂಬ್‌ನಲ್ಲಿ, ಒಬ್ಬರು ಮದುವೆ ಫೋಟೊ ತೆಗೆಯೋ ಅಣ್ಣ, ಇನ್ನೊಬ್ಬ ನನ್ನ ಕ್ಲಾಸ್‌ಮೇಟ್. ಮೂರೂ ಜನ ಒಳ್ಳೆ ಮನಸ್ಸಿಂದಲೇ ಹೇಳಿದ್ರು. ಆದ್ರೆ ಎರಡು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ನಿನ್ನ ಕ್ಯಾಮೆರಾ ಯಾವುದು? ನೀನು ಫೋಟೊ ತೆಗೆಯೋ ಜಾಗ ಎಷ್ಟು ಅಡಿ ಇದೆ?

ನಾನೂ ಕೇಳ್ಕೊಳ್ಳಲಿಲ್ಲ. ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳಿ ಕೂಡಿಟ್ಟಿದ್ದ 19,000 ರೂಪಾಯಿ ಕೊಟ್ಟು, ಯುಗಾದಿ ಕಳೆದ ವಾರ ಸೆಕೆಂಡ್ ಹ್ಯಾಂಡ್ 85ಎಂಎಂ ಎಫ್/1.8 ತಗೊಂಡೆ. ನನ್ನ ಕ್ಯಾಮೆರಾ ಕ್ಯಾನನ್ 1500ಡಿ, ಕ್ರಾಪ್ ಸೆನ್ಸರ್, ಸೋದರಮಾವ ಬಳಸಿ ಕೊಟ್ಟಿದ್ದು. ದೀಪಾವಳಿ ಹೊತ್ತಿಗೆ ಆ ಲೆನ್ಸನ್ನ 16,500ಕ್ಕೆ ಮಾರಿದೆ. 2,500 ಹೋಯ್ತು. ಆ ದುಡ್ಡಿನ ಬೇಜಾರು ಈಗಿಲ್ಲ. ದುಡ್ಡಲ್ಲದ ಇನ್ನೊಂದು ಹೋಯ್ತು, ಅದನ್ನ ಆರನೇ ಭಾಗದಲ್ಲಿ ಹೇಳ್ತೀನಿ.

ನಾನು ಪ್ರೊಫೆಷನಲ್ ಅಲ್ಲ. ಹಾಸನದಲ್ಲಿ ಬಿ.ಕಾಂ. ಓದ್ತಾ ಇದೀನಿ, ವಯಸ್ಸು 20. "ನೀನ್ಯಾರು ಹೇಳೋಕೆ" ಅಂತ ಕೇಳೋರಿಗೆ ಉತ್ತರ ಇಷ್ಟೇ: ದುಡ್ಡು ಕೊಟ್ಟು ತಪ್ಪು ಮಾಡಿದವನು.

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಕ್ರಾಪ್ ಸೆನ್ಸರ್ ಕ್ಯಾಮೆರಾ ಇಟ್ಕೊಂಡು ಮನೆ ಒಳಗೆ, ಜಗಲಿ ಮೇಲೆ, ಹಾಸ್ಟೆಲ್ ರೂಮಲ್ಲಿ ಜನರ ಫೋಟೊ ತೆಗೆಯೋರಿಗೆ ಮೊದಲ ಪೋರ್ಟ್ರೇಟ್ ಪ್ರೈಮ್ 50 ಆಗಿರಬೇಕು, 85 ಅಲ್ಲ. 85 ಕೆಟ್ಟ ಲೆನ್ಸ್ ಅಂತ ನಾನು ಎಲ್ಲೂ ಹೇಳಲ್ಲ. ಅದನ್ನ ನಮ್ಮ ಕೈಗೆ ದಾಟಿಸ್ತಿರೋ ರೀತಿ ಕೆಟ್ಟದ್ದು. ಇನ್ನೊಬ್ಬರ ಕ್ಯಾಮೆರಾಗೆ ಹೇಳಿದ ಮಾತನ್ನ ನಮ್ಮ ಕ್ಯಾಮೆರಾಗೆ ಹಾಗೇ ಅಂಟಿಸೋದು ಸಲಹೆ ಅಲ್ಲ, ಬಾಯಿಪಾಠ.

ಭಾಗ 2/10: 85 ದೇವರು ಕೊಟ್ಟ ನಂಬರ್ ಅಲ್ಲ

ಸ್ವಲ್ಪ ಚರಿತ್ರೆ. ಬೋರ್ ಹೊಡೆಸಲ್ಲ.

ಪೋರ್ಟ್ರೇಟ್‌ಗೆ ಅಂತಲೇ ಲೆಕ್ಕ ಹಾಕಿ ಮಾಡಿದ ಮೊದಲ ಪ್ರಸಿದ್ಧ ಲೆನ್ಸ್ ಜೋಸೆಫ್ ಪೆಟ್ಜ್‌ವಾಲ್ ಅವರದ್ದು. ವರ್ಷ 1840, ಊರು ವಿಯೆನ್ನಾ, ಅಪರ್ಚರ್ ಸುಮಾರು ಎಫ್/3.6. ಅದಕ್ಕೂ ಮುಂಚೆ ಡಾಗೆರೋಟೈಪ್ ತೆಗೆಸ್ಕೊಳ್ಳೋಕೆ ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ಅಂದ್ರೆ ಬೆಳಕು ಜಾಸ್ತಿ ಬಿಡೋ ಪೋರ್ಟ್ರೇಟ್ ಲೆನ್ಸ್ ಹುಟ್ಟಿದ್ದು ಹಿನ್ನೆಲೆ ಬ್ಲರ್ ಮಾಡೋಕಲ್ಲ. ಮನುಷ್ಯ ಆರಾಮಾಗಿ ಕೂತು ಫೋಟೊ ತೆಗೆಸ್ಕೊಳ್ಳಲಿ ಅಂತ. ಅದರ ಫೋಕಲ್ ಲೆಂತ್ 85ರ ಹತ್ತಿರವೂ ಇರಲಿಲ್ಲ. 150ಎಂಎಂ ಆಸುಪಾಸು.

1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಸಿನಿಮಾ ಫಿಲ್ಮನ್ನೇ ಅಡ್ಡಕ್ಕೆ ಓಡಿಸಿ, 24×36 ಮಿಲಿಮೀಟರ್ ಫ್ರೇಮ್. ಇವತ್ತು ನಾವು "ಫುಲ್ ಫ್ರೇಮ್" ಅಂತ ಕೈ ಮುಗಿಯೋದು ಇದಕ್ಕೇ. ಈ ಅಳತೆ ಫ್ರೇಮ್‌ನಲ್ಲಿ ಮುಖ ಚೆನ್ನಾಗಿ ಕೂರೋಕೆ 85, 90 ಅನುಕೂಲ ಅಂತ ಕಾಲಕ್ರಮೇಣ ರೂಢಿಯಾಯ್ತು.

ಈಗ ಹ್ಯಾಸಲ್‌ಬ್ಲಾಡ್‌ನ 6×6 ಫಿಲ್ಮ್ ಕ್ಯಾಮೆರಾ ನೋಡಿ. ಅಲ್ಲಿ 80ಎಂಎಂ ಅಂದ್ರೆ ದಿನಬಳಕೆಯ ಸಾಧಾರಣ ಲೆನ್ಸ್, ಪೋರ್ಟ್ರೇಟ್‌ಗೆ ಹಾಕ್ತಿದ್ದದ್ದು 150. ಫ್ರೇಮ್ ದೊಡ್ಡದಾಯ್ತು, ನಂಬರೂ ದೊಡ್ಡದಾಯ್ತು.

ಹಾಗಾದ್ರೆ ಫ್ರೇಮ್ ಚಿಕ್ಕದಾದಾಗ ನಂಬರ್ ಚಿಕ್ಕದಾಗ್ಬೇಕಲ್ವಾ? ಎಲ್‌ಕೆಜಿ ಮಗುವಿಗೂ ಗೊತ್ತಾಗೋ ಮಾತು. ಆದ್ರೆ ನಮ್ಮ ಗುರುಗಳು ಏನು ಮಾಡ್ತಾರೆ? ತಮ್ಮ ಕೈಯಲ್ಲಿ ಎರಡು ಲಕ್ಷದ ಫುಲ್ ಫ್ರೇಮ್ ಹಿಡ್ಕೊಂಡು, ಅದರಲ್ಲಿ 85 ಹಾಕಿ ತೆಗೆದ ಫೋಟೊ ತೋರಿಸಿ, "ಬಿಗಿನರ್ಸ್‌ಗೆ ಬೆಸ್ಟ್" ಅಂತ ಲಿಂಕ್ ಹಾಕ್ತಾರೆ. ಆ ಲಿಂಕ್ ಒತ್ತೋ ಹತ್ತು ಜನರಲ್ಲಿ ಎಷ್ಟು ಜನರ ಹತ್ರ ಫುಲ್ ಫ್ರೇಮ್ ಇದೆ? ಬಿಗಿನರ್ ಅಂದ್ರೇನೇ ಕ್ರಾಪ್ ಕಣ್ರೀ.

ಭಾಗ 3/10: ಕ್ರಾಪ್ ಅಂದ್ರೆ ಏನಾಗುತ್ತೆ, ಏನಾಗಲ್ಲ

ಕ್ಯಾನನ್ ಕ್ರಾಪ್ ಸೆನ್ಸರ್ ಸುಮಾರು 22.3×14.9 ಮಿಲಿಮೀಟರ್. 36ನ್ನ 22.3ರಿಂದ ಭಾಗಿಸಿ: 1.6. ನಿಕಾನ್, ಸೋನಿ, ಫ್ಯೂಜಿ ಕ್ರಾಪ್ ಸೆನ್ಸರ್ ಸ್ವಲ್ಪ ದೊಡ್ಡದು, ಅಲ್ಲಿ 1.5.

ಕ್ಯಾನನ್ ಲೆಕ್ಕ:
35 ಹಾಕಿದ್ರೆ 56ರ ನೋಟ.
50 ಹಾಕಿದ್ರೆ 80ರ ನೋಟ.
85 ಹಾಕಿದ್ರೆ 136ರ ನೋಟ.

ಓದಿ ನೋಡಿ. "85 ತಗೋ" ಅಂದವರ ಮನಸ್ಸಲ್ಲಿದ್ದ ಲೆನ್ಸ್ ನಮ್ಮ ಕ್ಯಾಮೆರಾದಲ್ಲಿ 50. ನಾವು ನಿಜವಾಗ್ಲೂ ಅಂಗಡಿಯಿಂದ ತಂದಿದ್ದು 136. ಕೇಳಿದ್ದು ಒಂದು, ಬಂದಿದ್ದು ಇನ್ನೊಂದು.

ಎರಡು ತಪ್ಪು ತಿಳುವಳಿಕೆ ಇಲ್ಲೇ ಮುಗಿಸೋಣ.

ಒಂದು: "ಕ್ರಾಪ್‌ನಲ್ಲಿ ಹಾಕಿದ್ರೆ 50 ಲೆನ್ಸ್ 80 ಆಗಿಬಿಡುತ್ತೆ." ಆಗಲ್ಲ. ಲೆನ್ಸ್ ಅದೇ, ಗಾಜು ಅದೇ, ಎಫ್/1.8ರಲ್ಲಿ ಬರೋ ಬೆಳಕಿನ ಲೆಕ್ಕವೂ ಅದೇ. ಚಿಕ್ಕ ಸೆನ್ಸರ್ ಆ ಚಿತ್ರದ ನಡುಭಾಗವನ್ನ ಮಾತ್ರ ತಗೊಳುತ್ತೆ. ದೋಸೆಯ ಅಂಚು ಕತ್ತರಿಸಿ ನಡುವಿನ ಭಾಗ ಮಾತ್ರ ತಟ್ಟೆಗೆ ಹಾಕಿದಂಗೆ. ದೋಸೆ ದಪ್ಪ ಆಗಲಿಲ್ಲ, ನಿಮಗೆ ಸಿಕ್ಕಿದ್ದು ಕಡಿಮೆ.

ಎರಡು: "ಕ್ರಾಪ್‌ಗೆ ಅಂತಲೇ ಮಾಡಿದ ಲೆನ್ಸ್‌ಗೆ ಗುಣಿಸೋ ಅಗತ್ಯ ಇಲ್ಲ." ಇದೆ. ಲೆನ್ಸ್ ಮೇಲೆ ಬರೆದಿರೋದು ಅದರ ನಿಜವಾದ ಫೋಕಲ್ ಲೆಂತ್. ನಿಮ್ಮ 18-55 ಕಿಟ್ ಲೆನ್ಸನ್ನ 50ಕ್ಕೆ ತಿರುಗಿಸಿ ನೋಡಿ, 50 ಪ್ರೈಮ್ ಹಾಕಿ ನೋಡಿ, ಫ್ರೇಮ್ ಹೆಚ್ಚುಕಡಿಮೆ ಒಂದೇ. ಈ ಮಾತು ನೆನಪಿಟ್ಕೊಳ್ಳಿ, ಒಂಬತ್ತನೇ ಭಾಗದಲ್ಲಿ ದುಡ್ಡು ಉಳಿಸುತ್ತೆ.

ಭಾಗ 4/10: ಮೊದಲು ಟೇಪ್, ಆಮೇಲೆ ಲೆನ್ಸ್

"ಕಂಪ್ರೆಷನ್ ಬೇಕು ಅಂದ್ರೆ 85 ಬೇಕು" ಅಂತಾರೆ. ಮೂಗು ದಪ್ಪ ಕಾಣೋದು, ಮುಖ ಚಪ್ಪಟೆ ಕಾಣೋದು, ಇವೆಲ್ಲ ಲೆನ್ಸಿನ ಗುಣ ಅಲ್ಲ. ನೀವು ಎಷ್ಟು ದೂರ ನಿಂತಿದೀರ ಅನ್ನೋದರ ಗುಣ. ನಂಬಿಕೆ ಬರಲ್ವಾ? ಒಂದೇ ಜಾಗದಲ್ಲಿ ನಿಂತು ಕಿಟ್ ಲೆನ್ಸ್‌ನ 18ರಲ್ಲಿ ಒಂದು, 55ರಲ್ಲಿ ಒಂದು ತೆಗೀರಿ. 18ರ ಫೋಟೊನ ಕ್ರಾಪ್ ಮಾಡಿ ಪಕ್ಕದಲ್ಲಿಡಿ. ಮುಖದ ಆಕಾರ ಒಂದೇ ಇರುತ್ತೆ.

ಹಾಗಾಗಿ ಕೇಳಬೇಕಾದ್ದು "ಯಾವ ಲೆನ್ಸ್ ಬೆಸ್ಟ್" ಅಲ್ಲ. "ನನಗೆ ಎಷ್ಟು ಅಡಿ ಜಾಗ ಇದೆ?" ಕ್ಯಾನನ್ ಕ್ರಾಪ್‌ನಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದಾಗ ಬೇಕಾಗೋ ದೂರ, ಸುಮಾರು ಲೆಕ್ಕ:

ತಲೆ ಮತ್ತು ಭುಜ: 35ಕ್ಕೆ 3 ಅಡಿ, 50ಕ್ಕೆ 4.5 ಅಡಿ, 85ಕ್ಕೆ ಹತ್ತಿರ ಹತ್ತಿರ 8 ಅಡಿ.

ಸೊಂಟದವರೆಗೆ, ಕೈ ಸೇರಿ: 35ಕ್ಕೆ 5 ಅಡಿ ಒಳಗೆ, 50ಕ್ಕೆ 7 ಅಡಿ, 85ಕ್ಕೆ 11.5 ಅಡಿ.

ನಿಂತ ಆಳು ಪೂರ್ತಿ: 35ಕ್ಕೆ 10 ಅಡಿ, 50ಕ್ಕೆ 14 ಅಡಿ, 85ಕ್ಕೆ 24 ಅಡಿ.

ಈಗ ನಮ್ಮ ಕಡೆ ಮನೆಗಳ ರೂಮ್ ನೆನಪು ಮಾಡ್ಕೊಳ್ಳಿ. 10×10 ಇದ್ರೆ ಪುಣ್ಯ. ಕೂತವರ ಬೆನ್ನ ಹಿಂದೆ ಗೋಡೆಗೆ ಎರಡು ಅಡಿ ಬಿಡಿ. ನಿಮ್ಮ ತಲೆ, ಬೆನ್ನು ನಿಲ್ಲೋಕೆ ಒಂದು ಅಡಿ. ಉಳಿದಿದ್ದು ಏಳು. ಬೀರು, ಮಂಚ, ಹೊಲಿಗೆ ಮಷೀನ್ ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ.

ಏಳು ಅಡಿಯಲ್ಲಿ 85 ಹಾಕಿದ್ರೆ ಭುಜ ಕೂಡ ಪೂರ್ತಿ ಬರಲ್ಲ. 50 ಹಾಕಿದ್ರೆ ಸೊಂಟದವರೆಗೆ ಬರುತ್ತೆ, ಕೈ ಬರುತ್ತೆ. 35ರಲ್ಲಿ ಎಲ್ಲ ಬರುತ್ತೆ, ಆದ್ರೆ ಮುಖ ಮಾತ್ರ ಬೇಕು ಅಂತ ಮೂರಡಿಗೆ ಹೋದ್ರೆ ಮೂಗು ಮುಂದೆ ಬರುತ್ತೆ, ಎದುರಿಗಿರೋರಿಗೂ ಮುಜುಗರ. ಇದು ನನ್ನ ಅಭಿಪ್ರಾಯ ಅಲ್ಲ. ಗೋಡೆಯ ಅಭಿಪ್ರಾಯ.

ಭಾಗ 5/10: ಬ್ಲರ್ ಅನ್ನೋ ಭಕ್ತಿ

"50ರಲ್ಲಿ ಬ್ಲರ್ ಬರಲ್ಲ ಮಗಾ." ಬರುತ್ತೆ. 50ರಲ್ಲಿ ಎಫ್/1.8ಕ್ಕಿಟ್ಟು 4.5 ಅಡಿಯಿಂದ ಮುಖ ತೆಗೆದ್ರೆ ಶಾರ್ಪ್ ಇರೋ ಆಳ ಸುಮಾರು 5 ಸೆಂಟಿಮೀಟರ್. ಎರಡು ಇಂಚು. ಕಣ್ಣಿಗೆ ಫೋಕಸ್ ಮಾಡಿದ್ರೆ ಕಿವಿ ಕರಗಿರುತ್ತೆ. ಇನ್ನೂ ಎಷ್ಟು ಬೇಕು?

ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ, ಮುಖ ಫ್ರೇಮ್‌ನಲ್ಲಿ ಅಷ್ಟೇ ದೊಡ್ಡದಿದ್ದು ಅಪರ್ಚರ್ ಅದೇ ಇದ್ರೆ, ಈ ಆಳ 50ಕ್ಕೂ 85ಕ್ಕೂ ಹೆಚ್ಚುಕಡಿಮೆ ಒಂದೇ. ಬದಲಾಗೋದು ಹಿನ್ನೆಲೆ. 85ರಲ್ಲಿ ಹಿಂದಿರೋದು ದೊಡ್ಡದಾಗಿ, ಜಾಸ್ತಿ ಕರಗಿ ಕಾಣುತ್ತೆ. ಅದು ನಿಜ, ಚೆಂದವೂ ಹೌದು.

ಆದ್ರೆ ಪ್ರೈಮ್‌ನ ನಿಜವಾದ ಲಾಭ ಬೆಳಕು. ಕಿಟ್ ಲೆನ್ಸ್ 55ರಲ್ಲಿ ಎಫ್/5.6. ಅಲ್ಲಿಂದ ಎಫ್/1.8ಕ್ಕೆ ಬಂದ್ರೆ ಸುಮಾರು ಹತ್ತು ಪಟ್ಟು ಬೆಳಕು. ಒಂದೇ ಟ್ಯೂಬ್‌ಲೈಟ್ ಇರೋ ರೂಮಲ್ಲಿ 1/10 ಸೆಕೆಂಡ್ ಬೇಕಿದ್ದ ಜಾಗದಲ್ಲಿ 1/100 ಸಾಕು. ಪೆಟ್ಜ್‌ವಾಲ್ ಕಾಲದ ಕಥೆಯೇ ಇವತ್ತೂ ನಡೀತಿರೋದು.

ಈಗ ಕಹಿ ಮಾತು. ನಾವು ಬ್ಲರ್ ಯಾಕೆ ಇಷ್ಟು ಬಯಸ್ತೀವಿ? ನಾನು ನನ್ನನ್ನೇ ಕೇಳ್ಕೊಂಡೆ. ಸುಣ್ಣ ಉದುರಿದ ಗೋಡೆ, ಮೊಳೆಗೆ ನೇತಾಕಿದ ಬ್ಯಾಗ್, ಸಹಕಾರಿ ಸೊಸೈಟಿ ಕ್ಯಾಲೆಂಡರ್, ಮೂಲೆಯಲ್ಲಿ ರಾಗಿ ಮೂಟೆ. ಇದ್ಯಾವುದೂ ಕಾಣಬಾರದು ಅಂತ ಇತ್ತು ನನಗೆ. ನಮ್ಮ ಮನೆಯನ್ನ ಅಳಿಸೋಕೆ ನಾನು 19,000 ಕೊಟ್ಟಿದ್ದೆ.

ಮೈಸೂರಿನವರೇ ಆದ ಟಿ.ಎಸ್. ಸತ್ಯನ್, 1977ರಲ್ಲಿ ಪದ್ಮಶ್ರೀ ಬಂದವರು, ಸಾಮಾನ್ಯ ಜನರ ದಿನದಿನದ ಬದುಕನ್ನ ಕಪ್ಪು-ಬಿಳುಪಿನಲ್ಲಿ ತೆಗೆದೇ ಹೆಸರಾದ್ರು. ಅವರ ಫೋಟೊಗಳನ್ನ ಹುಡುಕಿ ನೋಡಿ. ಜನ ತಾವಿರೋ ಜಾಗದ ಸಮೇತ ಇದ್ದಾರೆ. ಜಾಗ ಅಳಿಸಿದ್ರೆ ಅರ್ಧ ಮನುಷ್ಯ ಅಳಿಸಿದಂಗೆ.

ಭಾಗ 6/10: ತಾತ

ಮೊದಲ ಸ್ಲೈಡ್‌ನಲ್ಲಿರೋದು ನಮ್ಮ ತಾತ. ಜೂನ್‌ನಲ್ಲಿ ತೆಗೆದಿದ್ದು, ಅರಕಲಗೂಡು ಕಡೆ ನಮ್ಮೂರ ಮನೆಯಲ್ಲಿ.

ತಾತನಿಗೆ ಮಂಡಿ ನೋವು. ಬೆಳಗ್ಗೆ ಎದ್ದು ಮಂಚದ ಮೇಲೆ ಕೂತ್ರೆ ಮಡಿಲಲ್ಲಿ ರೇಡಿಯೋ, ಹಾಸನ ಆಕಾಶವಾಣಿ. ರೇಡಿಯೋಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿರೋರು, ಹಿಂದಿನ ಮುಚ್ಚಳ ನಿಲ್ಲಲ್ಲ ಅಂತ. ಎರಡೂ ಕೈ ಅದರ ಮೇಲೆ. ಕಿಟಕಿಯಿಂದ ಎಡಗಡೆ ಬೆಳಕು. ನಾನು ಬಸ್ಸಲ್ಲಿ ಬರ್ತಾನೇ ಈ ಫೋಟೊ ತಲೆಯಲ್ಲಿ ತೆಗೆದಾಗಿತ್ತು.

ರೂಮ್ ಒಂಬತ್ತು ಅಡಿ. ನಾನು ಹಿಂದಕ್ಕೆ ಹೋದೆ, ಬೆನ್ನು ಗೋಡೆಗೆ ತಾಗ್ತು. ವ್ಯೂಫೈಂಡರ್ ತುಂಬ ಮುಖ ಮಾತ್ರ. ಇನ್ನೂ ಒತ್ತಿ ನಿಂತೆ. ತಾತ ನಕ್ಕು, "ಏನ್ ಮಗ, ಗೋಡೆ ಒಳಕ್ಕೆ ಹೋಯ್ತೀಯಾ?" ಅಂದ್ರು.

ಹೊರಗೆ ಬನ್ನಿ ತಾತ ಅಂದೆ. "ಕಾಲು ಬರಕಿಲ್ಲ, ಇಲ್ಲೇ ತೆಗಿ" ಅಂದ್ರು.

ಕಿಟ್ ಲೆನ್ಸ್ ಇರಲಿಲ್ವಾ ಅಂತ ಕೇಳ್ತೀರಿ. ಹಾಸನದ ರೂಮಲ್ಲೇ ಬಿಟ್ಟು ಬಂದಿದ್ದೆ. ಪ್ರೈಮ್ ಇದ್ದಮೇಲೆ ಕಿಟ್ ಯಾಕೆ ಅನ್ನೋ ಕೊಬ್ಬು. ಫೋನ್ ಇತ್ತಲ್ಲ ಅಂತೀರಿ. ಇತ್ತು. ತೆಗೀಲಿಲ್ಲ. ಮುಂದಿನ ಸಲ ಸರಿಯಾಗಿ ತೆಗೀತೀನಿ ಅಂದ್ಕೊಂಡೆ. ಅದು ನನ್ನ ತಪ್ಪೇ, ಲೆನ್ಸ್ ತಪ್ಪಲ್ಲ.

ಆಗಸ್ಟ್‌ನಲ್ಲಿ ಹೋದಾಗ ತಾತ ಮಲಗಿದಲ್ಲೇ ಇದ್ರು. ಕ್ಯಾಮೆರಾ ಬ್ಯಾಗಿಂದ ತೆಗೆಯೋ ಮನಸ್ಸು ಬರಲಿಲ್ಲ. ಗೌರಿ ಹಬ್ಬದ ವಾರ ಹೋಗಿಬಿಟ್ರು.

ಈ ಮುಖದ ಫೋಟೊನೇ ದೊಡ್ಡದು ಮಾಡಿಸಿ ಹಾರ ಹಾಕಿದೀವಿ. ಬಂದವರೆಲ್ಲ ಚೆನ್ನಾಗಿ ಬಂದಿದೆ ಅಂತಾರೆ. ಚೆನ್ನಾಗೇ ಇದೆ, ಕಣ್ಣು ಶಾರ್ಪ್ ಇದೆ. ಅಜ್ಜಿ ಮಾತ್ರ ಒಂದು ಸಲ "ರೇಡಿಯಾನೂ ಬಂದಿದ್ರೆ ಚೆಂದಾಗಿರದು" ಅಂದ್ರು. ಅಷ್ಟೇ ಅಂದಿದ್ದು.

ಭಾಗ 7/10: ಬಿ.ಕಾಂ. ಹುಡುಗನ ಲೆಡ್ಜರ್

"ಮುಂದೆ ಫುಲ್ ಫ್ರೇಮ್ ತಗೋತೀಯಲ್ಲ, ಈಗಲೇ 85 ತಗೊಂಡಿಟ್ಕೋ." ಎದುರುವಾದಗಳಲ್ಲಿ ಬಲವಾದದ್ದು ಇದೇ. ಉತ್ತರ ಕೊಡ್ಲೇಬೇಕು.

ತೆರೆಯದೇ ಇರೋ ಅಂಗಡಿಗೆ ಯಾರಾದ್ರೂ ಸ್ಟಾಕ್ ತುಂಬ್ತಾರಾ? ಫುಲ್ ಫ್ರೇಮ್ ಯಾವತ್ತು ಬರುತ್ತೋ ಗೊತ್ತಿಲ್ಲ. ಬರೋ ಹೊತ್ತಿಗೆ ಮೌಂಟ್ ಯಾವುದಿರುತ್ತೋ ಅದೂ ಗೊತ್ತಿಲ್ಲ. ಅಲ್ಲಿವರೆಗೆ ಆ ದುಡ್ಡು ಬೀರುವಿನಲ್ಲಿ ಕೂತಿರುತ್ತೆ. ಅಷ್ಟಕ್ಕೂ ಕ್ಯಾನನ್‌ನ 2015ರ ಇಎಫ್ 50 ಎಫ್/1.8 ಎಸ್‌ಟಿಎಂ ಫುಲ್ ಫ್ರೇಮ್‌ಗೂ ಆಗೋ ಲೆನ್ಸೇ. ಭವಿಷ್ಯದ ವಾದ 50ಕ್ಕೂ ಅನ್ವಯಿಸುತ್ತೆ, ಕಡಿಮೆ ದುಡ್ಡಲ್ಲಿ.

ನನ್ನ ಪುಸ್ತಕ ತೆರೆದಿಡ್ತೀನಿ. 85: ಕೊಂಡಿದ್ದು 19,000, ಮಾರಿದ್ದು 16,500. ಏಳು ತಿಂಗಳಲ್ಲಿ ಹೊರಗಡೆ ತೆಗೆದ ಫೋಟೊ ಬಿಟ್ರೆ ಮನೆ ಒಳಗಿಂದು ಬೆರಳೆಣಿಕೆ. 50: ಸೆಕೆಂಡ್ ಹ್ಯಾಂಡ್ 6,000. ಬಂದಾಗಿಂದ ಕ್ಯಾಮೆರಾದಿಂದ ಇಳಿದೇ ಇಲ್ಲ. ಮಾರಿ ಬಂದ ದುಡ್ಡಲ್ಲಿ ಇದನ್ನ ತಗೊಂಡು 10,500 ಉಳೀತು. ಸೆಮಿಸ್ಟರ್ ಫೀಸ್‌ಗೆ ಹೋಯ್ತು.

ಮೂರನೇ ತಿಂಗಳಿಗೇ ನನಗೆ ಗೊತ್ತಾಗಿತ್ತು, ಈ ಲೆನ್ಸ್ ನನಗಲ್ಲ ಅಂತ. ಮತ್ಯಾಕೆ ಏಳು ತಿಂಗಳು ಇಟ್ಕೊಂಡೆ? ಅಷ್ಟು ದುಡ್ಡು ಕೊಟ್ಟಿದೀನಲ್ಲ ಅಂತ. ಕ್ಲಾಸಲ್ಲಿ ಸಂಕ್ ಕಾಸ್ಟ್ ಬಗ್ಗೆ ಹತ್ತು ಮಾರ್ಕ್ಸ್‌ಗೆ ಬರೆದಿದೀನಿ. ಜೀವನದಲ್ಲಿ ಸೊನ್ನೆ.

ಇದರ ಜೊತೆ ಇಎಂಐ ಸೇರಿಸ್ಕೊಳ್ಳಿ. "ತಿಂಗಳಿಗೆ ಇಷ್ಟೇ" ಅಂತ ಕೇಳೋಕೆ ಹಿತ. ಪ್ರೊಸೆಸಿಂಗ್ ಫೀಸು, ಅದರ ಮೇಲೆ ಜಿಎಸ್‌ಟಿ, ಒಂದು ಕಂತು ತಪ್ಪಿದ್ರೆ ದಂಡ, ಇವನ್ನ ಯಾರೂ ರೀಲ್‌ನಲ್ಲಿ ಹೇಳಲ್ಲ. ಹವ್ಯಾಸಕ್ಕೆ ಸಾಲ ಮಾಡ್ಬೇಡಿ. ಕ್ರಾಪ್ ಬಾಡಿ ಆಟದ ಸಾಮಾನು ಅಂತ ನಿಮ್ಮನ್ನ ನಾಚಿಸಿದವರು ನಿಮ್ಮ ಕಂತು ಕಟ್ಟಲ್ಲ.

ಭಾಗ 8/10: ಎದುರು ಪಕ್ಷದ ನ್ಯಾಯ

ಒಂದೇ ಕಡೆ ಮಾತಾಡಿದ್ರೆ ನಾನೂ ಆ ಯೂಟ್ಯೂಬ್ ಅಣ್ಣನೇ ಆಗ್ತೀನಿ. ಆದ್ರಿಂದ 85ರ ಪರ.

ಕಾಲೇಜ್ ಫೆಸ್ಟ್‌ನಲ್ಲಿ ಮೂರನೇ ಸಾಲಿಂದ ಸ್ಟೇಜ್ ತೆಗೀತೀರಾ? ನಾಟಕ, ಯಕ್ಷಗಾನ, ಭರತನಾಟ್ಯ? ಕ್ರಾಪ್ ಮೇಲೆ 85 ಚಿನ್ನ. ಜಾತ್ರೆಯಲ್ಲಿ ದೂರ ನಿಂತು, ಎದುರಿನವರ ಗಮನ ಕೆಡಿಸದೆ ಮುಖ ತೆಗೀಬೇಕಾ? 85 ಸರಿ. ಪಾರ್ಕ್, ತೋಟ, ಕೆರೆ ಏರಿ ಮೇಲೆ ಪ್ರೀ-ವೆಡ್ಡಿಂಗ್ ಮಾಡೋರಿಗೆ 24 ಅಡಿ ಒಂದು ಲೆಕ್ಕವೇ ಅಲ್ಲ. ಅವರು 85 ತಗೊಳ್ಳಲಿ, ನನಗೆ ಜಗಳ ಇಲ್ಲ.

35ರ ಪರವೂ ಹೇಳ್ತೀನಿ. ನಿಮ್ಮ ರೂಮ್ ಎಂಟಡಿಗಿಂತ ಚಿಕ್ಕದಾ? ಮನೆಯಲ್ಲಿ ಓಡಾಡೋ ಮಗು ಇದೆಯಾ? ಒಬ್ಬರಿಗಿಂತ ನಾಲ್ಕು ಜನರನ್ನ ಒಟ್ಟಿಗೆ ತೆಗೆಯೋದೇ ಜಾಸ್ತಿನಾ? 35 ತಗೊಳ್ಳಿ. ನಿಕಾನ್ 2009ರಲ್ಲಿ ತಂದ ಡಿಎಕ್ಸ್ 35 ಎಫ್/1.8ಜಿ ಕ್ರಾಪ್‌ಗೆ ಅಂತಲೇ ಮಾಡಿದ ಲೆನ್ಸ್. ಮುಖಕ್ಕೆ ತುಂಬ ಹತ್ತಿರ ಹೋಗ್ಬೇಡಿ, ಅಷ್ಟೇ.

ಆದ್ರೆ ಒಂದು ಮಾತಿಗೆ ಮಾತ್ರ ನಾನು ಒಪ್ಪಲ್ಲ. "ರೂಮ್ ಚಿಕ್ಕದಾದ್ರೆ ಜನರನ್ನ ಹೊರಗೆ ಕರ್ಕೊಂಡ್ ಬಾ." ಯಾರನ್ನ? ಮಂಡಿ ನೋವಿನ ತಾತನನ್ನಾ? ಒಲೆ ಮೇಲೆ ಅನ್ನ ಇಟ್ಟಿರೋ ಅಮ್ಮನನ್ನಾ? ಬಾಣಂತಿ ಅಕ್ಕನನ್ನಾ? ಬೀದಿಯಲ್ಲಿ ನಿಂತು ಫೋಟೊ ತೆಗೆಸ್ಕೊಳ್ಳೋಕೆ ನಮ್ಮ ಅತ್ತೆಯಂದಿರು, ಚಿಕ್ಕಮ್ಮಂದಿರು ಎಷ್ಟು ಜನ ಒಪ್ತಾರೆ ಹೇಳಿ. ಅಕ್ಕಪಕ್ಕದವರು ಬಂದು ನಿಂತ್ರೆ ಮುಖವೇ ಬೇರೆ ಆಗುತ್ತೆ.

ಜನ ತಾವು ಆರಾಮಾಗಿರೋ ಜಾಗದಲ್ಲೇ ತಾವಾಗಿರ್ತಾರೆ. ಲೆನ್ಸ್ ಅಲ್ಲಿಗೆ ಹೋಗ್ಬೇಕು. ಅವರು ಲೆನ್ಸ್ ಇರೋ ಕಡೆಗೆ ಬರೋದಲ್ಲ.

ಭಾಗ 9/10: ದುಡ್ಡು ಕೊಡೋ ಮುಂಚೆ (ಸೇವ್ ಮಾಡ್ಕೊಳ್ಳಿ)

1. ಕಿಟ್ ಲೆನ್ಸನ್ನ 50ಕ್ಕೆ ತಿರುಗಿಸಿ, ಝೂಮ್ ರಿಂಗ್ ಮೇಲೆ ಟೇಪ್ ಅಂಟಿಸಿ. ಒಂದು ವಾರ ಬರೀ ಅದರಲ್ಲೇ ತೆಗೀರಿ. ಮುಂದಿನ ವಾರ 35. ಎಲ್ಲಿ ಉಸಿರು ಕಟ್ತು, ಎಲ್ಲಿ ಕೈ ಓಡ್ತು ಗೊತ್ತಾಗುತ್ತೆ. ಖರ್ಚು: ಟೇಪ್.

2. ಹಳೆ ಫೋಟೊಗಳ ಡೀಟೇಲ್ಸ್ ತೆಗೆದು ನೋಡಿ. ಮನೆಯವರ ಫೋಟೊ ಯಾವ ಫೋಕಲ್ ಲೆಂತ್‌ನಲ್ಲಿ ಜಾಸ್ತಿ ಇದೆ? ನಿಮ್ಮ ಕೈಯೇ ಉತ್ತರ ಹೇಳುತ್ತೆ.

3. ನಿಕಾನ್ ಡಿ3500, ಡಿ5600 ಥರದ ಬಾಡಿ ಇರೋರು ಹುಷಾರು. ಹಳೆ ಎಎಫ್ 50 ಎಫ್/1.8ಡಿ ಅಗ್ಗಕ್ಕೆ ಸಿಗುತ್ತೆ, ಆದ್ರೆ ಈ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಆಟೋಫೋಕಸ್ ಆಗಲ್ಲ. 2011ರ ಎಎಫ್-ಎಸ್ 50 ಎಫ್/1.8ಜಿ ಹುಡುಕಿ.

4. ಸೋನಿ ಎ6000, ಎ6400 ಬಾಡಿಗಳ ಒಳಗೆ ಸ್ಟೆಬಿಲೈಸೇಷನ್ ಇಲ್ಲ. ಇ 50 ಎಫ್/1.8 ಒಎಸ್‌ಎಸ್‌ನಲ್ಲಿ ಇದೆ, ಎಫ್‌ಇ 50 ಎಫ್/1.8ನಲ್ಲಿ ಇಲ್ಲ. ಹೆಸರಿನ ಒಂದು ಅಕ್ಷರ ನೋಡಿ ತಗೊಳ್ಳಿ. ದುಡ್ಡಿದ್ರೆ ಸಿಗ್ಮಾ 56 ಎಫ್/1.4 ಕ್ರಾಪ್ ಮಿರರ್‌ಲೆಸ್‌ಗೆ ಅಂತಲೇ ಮಾಡಿದ್ದು.

5. ಸೆಕೆಂಡ್ ಹ್ಯಾಂಡ್ ಆದ್ರೆ ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆ ಥರ ಕಂಡ್ರೆ ಫಂಗಸ್. ಮಲೆನಾಡು, ಕರಾವಳಿ ಕಡೆಯ ಲೆನ್ಸ್ ಅಂದ್ರೆ ಇನ್ನೂ ಹುಷಾರು. ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಇದೆಯಾ ನೋಡಿ. ಮನೆಗೆ ತಂದ್ಮೇಲೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್.

6. ಡಿಎಸ್‌ಎಲ್‌ಆರ್ ಇದ್ರೆ ಎಫ್/1.8ರಲ್ಲಿ ವ್ಯೂಫೈಂಡರ್‌ನಿಂದ ಒಂದು, ಲೈವ್ ವ್ಯೂನಿಂದ ಒಂದು ತೆಗೆದು ಹೋಲಿಸಿ. ಲೈವ್ ವ್ಯೂ ಶಾರ್ಪ್ ಇದ್ದು ಇನ್ನೊಂದು ಪ್ರತಿ ಸಲ ಮಂಕಾದ್ರೆ, ಆ ಲೆನ್ಸು ನಿಮ್ಮ ಬಾಡಿ ಹೊಂದ್ತಿಲ್ಲ. ಬಿಟ್ಟು ಬನ್ನಿ.

7. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ 50ಕ್ಕೆ 1/80, 85ಕ್ಕೆ 1/160ಕ್ಕಿಂತ ಕೆಳಗೆ ಇಳಿಸ್ಬೇಡಿ. ಕತ್ತಲ ಮನೆಯಲ್ಲಿ ಇದೂ 50ರ ಪರವೇ.

ಭಾಗ 10/10: ಅಜ್ಜಿ

ಕೊನೆ ಸ್ಲೈಡ್. ಡಿಸೆಂಬರ್, ಅವರೆಕಾಯಿ ಕಾಲ. ಅದೇ ರೂಮ್, ಅದೇ ಮಂಚ, ಅದೇ ಒಂಬತ್ತು ಅಡಿ. ನನ್ನ ಬೆನ್ನು ಮತ್ತೆ ಗೋಡೆಗೆ. 50ಎಂಎಂ, ಎಫ್/2.8, 1/100, ಐಎಸ್‌ಒ 1600.

ಅಜ್ಜಿ ಅವರೆಕಾಯಿ ಸುಲೀತಾ ಇದ್ದಾರೆ. ಎರಡೂ ಕೈ ಇವೆ. ಮೊರ ಇದೆ. ಹಿಂದೆ ಗೋಡೆ ಮೇಲೆ ತಾತನ ಫೋಟೊ ಸ್ವಲ್ಪ ಮಸುಕಾಗಿದೆ, ಆದ್ರೆ ತಾತ ಅಂತ ಗೊತ್ತಾಗುತ್ತೆ. ಪಕ್ಕದಲ್ಲಿ ಆ ಸೊಸೈಟಿ ಕ್ಯಾಲೆಂಡರ್. ಕಿಟಕಿ ಮೇಲೆ ರೇಡಿಯೋ ಇದೆ, ರಬ್ಬರ್ ಬ್ಯಾಂಡ್ ಸಮೇತ. ನಾನು ಇಟ್ಟಿದ್ದಲ್ಲ, ಅದು ಈಗ ಅಲ್ಲೇ ಇರೋದು.

ಕ್ಯಾಮೆರಾ ಹಿಂದಿನ ಸ್ಕ್ರೀನ್‌ನಲ್ಲಿ ತೋರಿಸಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿ, "ಮನೆ ಎಲ್ಲಾ ಬಂದೈತೆ" ಅಂದ್ರು.

ಈ ಹತ್ತು ಭಾಗ ಓದಿದವರಿಗೆ ಒಂದೇ ಕೆಲಸ ಹೇಳ್ತೀನಿ. ಇವತ್ತು ಮನೆಗೆ ಹೋಗಿ ಟೇಪ್ ಹಿಡಿದು, ನಿಮ್ಮವರು ದಿನಾ ಕೂರೋ ಜಾಗದಿಂದ ಎದುರು ಗೋಡೆಗೆ ಎಷ್ಟು ಅಡಿ ಅಂತ ಅಳೀರಿ. ಅದನ್ನ ಬರೆದಿಟ್ಕೊಳ್ಳಿ. ಆಮೇಲೆ ನಾಲ್ಕನೇ ಭಾಗದ ಲೆಕ್ಕ ನೋಡಿ. ಹನ್ನೆರಡು ಅಡಿ ಮೇಲೆ ಖಾಲಿ ಜಾಗ ಇದ್ರೆ ಧಾರಾಳವಾಗಿ 85 ತಗೊಳ್ಳಿ, ನನ್ನನ್ನ ಬೈಯಿರಿ. ಇಲ್ಲ ಅಂದ್ರೆ 50 ತಗೊಳ್ಳಿ. ಅದಕ್ಕೂ ದುಡ್ಡಿಲ್ಲ ಅಂದ್ರೆ ಕಿಟ್ ಲೆನ್ಸ್ ಇದೆ, ಫೋನ್ ಇದೆ, ಕಿಟಕಿ ಪಕ್ಕ ಕೂರಿಸಿ ತೆಗೀರಿ.

ಲೆನ್ಸ್ ಬರೋವರೆಗೂ ಕಾಯ್ಬೇಡಿ. ಕಾಯ್ದವನು ಹೇಳ್ತಿದೀನಿ.

#ಕ್ರಾಪ್‌ಗೆ50 #ಮೊದಲುಟೇಪ್‌ಆಮೇಲೆಲೆನ್ಸ್ #ಕನ್ನಡದಲ್ಲಿಫೋಟೊಗ್ರಫಿ #ಹಾಸನ